ಸುಬ್ಬಮ್ಮನ ಪಾಲಿನ ಸ್ನೋ

ಗೊರಗುಂಟೆಪಾಳ್ಯದ ಮುನಿಗಂಗಮ್ಮನ ಮನೆಯಲ್ಲಿ ಯುಗಾದಿ ಹತ್ತಿರವಾಯಿತೆಂದರೆ, ಬೇವಿನ ಸೊಪ್ಪು ಬಾಗಿಲಿಗೆ ಬರುವುದಕ್ಕೆ ಮುಂಚೆ ಖಾಲಿ ಡಬ್ಬಿಗಳು ಜಗಲಿಗೆ ಬರುತ್ತಿದ್ದವು. ಮುಖಕ್ಕೆ ಹಚ್ಚುವ ಸ್ನೋದ ಬಾಟಲಿ, ಪೌಡರ್ ಡಬ್ಬ, ವ್ಯಾಸಲೀನಿನ ಪುಟ್ಟ ಡಬ್ಬಿ, ಸೋಪು ಸುತ್ತಿದ್ದ ಕಾಗದ, ಸೀಗೇಪುಡಿಯ ಬಟ್ಟೆ ಚೀಲ, ಎಲ್ಲವನ್ನೂ ಗೋಣಿತಾಟಿನ ಮೇಲೆ ಹರಡಿ, ಮುದುಕಿ ಕಂಬಕ್ಕೆ ಒರಗಿ ಕೂರುತ್ತಿದ್ದಳು. ಮನೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು, ವರ್ಷವಿಡೀ ಮುಖಕ್ಕೆ ಮೈಗೆ ಬಳಸಿದ್ದು ಹೇಗಿತ್ತು, ಯಾವುದು ಒಗ್ಗಿತು, ಯಾವುದು ಕೈಕೊಟ್ಟಿತು ಎಂದು ಹೇಳಬೇಕು. ಅದು ಮುಗಿದ ಮೇಲೆ ಬರುವ ವರ್ಷಕ್ಕೆ ಏನೇನು ತರಬೇಕೆಂಬ ತೀರ್ಮಾನ.

ಹೊಲದ ಬದುವಿನಲ್ಲಿದ್ದ ಎರಡು ಹುಣಸೆಮರದ ಫಲ ಆ ಮನೆಯ ಹೆಂಗಸರದು. ಗಂಡಸರು ಅದಕ್ಕೆ ಕೈ ಹಾಕುವಂತಿರಲಿಲ್ಲ. ಆ ಹಣ್ಣು ಮಾರಿ ಬಂದದ್ದರಲ್ಲಿ ವರ್ಷಕ್ಕಾಗುವಷ್ಟು ಸಾಮಾನನ್ನು ಒಂದೇ ಸಲ ಯಶವಂತಪುರದ ಸರ್ದಾರ್ ಸಾಬರ ಅಂಗಡಿಯಿಂದ ತರುವುದು ವಾಡಿಕೆ. ನಡುವೆ ಮುಗಿದರೆ ಮುಗಿಯಿತು, ಕಡಲೆಹಿಟ್ಟು ತಿಕ್ಕಿಕೊಂಡು ಮುಂದಿನ ಯುಗಾದಿಗೆ ಕಾಯಬೇಕು.

ಮುದುಕಿಯ ನಿಯಮ ಒಂದೇ. "ಖಾಲಿ ತೋರ್ಸು, ಹೊಸದು ತಗೋ." ತಳದಲ್ಲಿ ಒಂದು ಚಿಟಿಕೆ ಉಳಿದಿದ್ದರೂ ಬಿಸಿಲಿಗೆ ಹಿಡಿದು ನೋಡಿ, "ಇನ್ನೂ ಐತಲ್ಲಮ್ಮಿ, ಇದು ಮುಗೀಲಿ ಮೊದ್ಲು" ಎಂದು ಪಕ್ಕಕ್ಕೆ ತಳ್ಳಿಬಿಡುತ್ತಿದ್ದಳು. ಹೋದ ವರ್ಷ ಅವಳ ಮಗಳು ನಾರಾಯಣಮ್ಮ, ಕೆಂಪಾಪುರಕ್ಕೆ ಕೊಟ್ಟವಳು, ಹಿಡಿಸದ ಪೌಡರನ್ನು ಎಮ್ಮೆಕರುವಿನ ಬೆನ್ನಿಗೆ ಸುರಿದು ಖಾಲಿ ಮಾಡಿ ಸಿಕ್ಕಿಬಿದ್ದಿದ್ದಳು. ಕರು ಸಂಜೆಯವರೆಗೂ ಮಲ್ಲಿಗೆಯಂತೆ ಘಮಗುಟ್ಟುತ್ತಾ ಓಡಾಡಿತ್ತು. ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು.

ಈ ವರ್ಷ ನಗುವ ಮನಸ್ಸು ಯಾರಿಗಿತ್ತು? ಮುನಿಗಂಗಮ್ಮನ ಕಿರಿಮಗ ವೆಂಕಟೇಶಪ್ಪ ಶ್ರಾವಣದಲ್ಲಿ ಕಾಮಾಲೆಯಾಗಿ ಹೋಗಿಬಿಟ್ಟಿದ್ದ. ಸೋಪಿನ ಕಾರ್ಖಾನೆಯಲ್ಲಿ ಕೆಲಸ, ಮೂಟೆ ಎತ್ತಿ ಎಸೆಯುವಂಥ ಆಳು. ಅವನ ಹೆಂಡತಿ ಸುಬ್ಬಮ್ಮನಿಗೆ ಇನ್ನೂ ಇಪ್ಪತ್ತೆರಡು, ಮಕ್ಕಳಿಲ್ಲ. ಆಕೆ ಈ ಮನೆಯ ಹಿರಿಸೊಸೆ ಕೃಷ್ಣಮ್ಮನಿಗೆ ಒಡಹುಟ್ಟಿದ ತಂಗಿ. ಇಬ್ಬರೂ ಹತ್ತಿರದ ಸಿಂಗಾಪುರವೆಂಬ ಹಳ್ಳಿಯ ಚಿಕ್ಕಹನುಮಯ್ಯನ ಮೊದಲ ಹೆಂಡತಿಯ ಮಕ್ಕಳು. ಮಲತಾಯಿಯ ಕೈಯಲ್ಲಿ ತಂಗಿ ಬಾಡಿಹೋಗುತ್ತಾಳೆಂದು ಕೃಷ್ಣಮ್ಮನೇ ಅತ್ತೆಯ ಹಿಂದೆ ಬಿದ್ದು, ಮೈದುನನಿಗೆ ತಂದುಕೊಂಡಿದ್ದಳು. ತಂದದ್ದು ತಾನು ಎಂಬ ಸಂಕಟ ಈಗ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಮಾಘ ಕಳೆದ ಮೇಲೆ ಹುಣಸೆಹಣ್ಣು ಬಡಿಯುವ ಕೆಲಸ ಶುರುವಾಯಿತು. ಅತ್ತೆ ಸೊಸೆ ನಡುಮನೆಯಲ್ಲಿ ಕೂತು ಓಡು ಬಿಡಿಸಿ, ನಾರು ಎಳೆದು, ಕಲ್ಲಿನಿಂದ ಕುಟ್ಟಿ ಬೀಜ ತೆಗೆಯುತ್ತಿದ್ದರು.

"ಈ ಸಲ ಮೂರ್ ಪಾಲು ಸಾಕು," ಎಂದಳು ಮುನಿಗಂಗಮ್ಮ. "ನಿಂದು, ನಿನ್ ಮಗಳು ದ್ರೌಪದೀದು, ನಮ್ ನಾರಾಯಣೀದು."

"ಸುಬ್ಬಿದು ಅತ್ತೆ?"

"ಅವಳಿಗೇನು? ಸೀಗೇಪುಡಿ, ಹರಳೆಣ್ಣೆ ಮನೇಲೇ ಐತೆ."

"ಅವಳ ಮುಖ ನೋಡಿದ್ರಾ? ಚಳಿಗೆ ಒಡೆದಿದ್ದು ಇನ್ನೂ ವಾಸಿಯಾಗಿಲ್ಲ. ತುಟೀಲಿ ರಕ್ತ ಬರ್ತೈತೆ."

"ಒಡೀಲಿ ಬಿಡು. ನಂದೂ ಒಡೀತಿತ್ತು. ನಿಮ್ಮಾವ ಸತ್ತಾಗ ನಂಗೆ ಮೂವತ್ತು ತುಂಬಿರ್ಲಿಲ್ಲ. ಯಾರಮ್ಮ ತಂದ್ಕೊಟ್ರು ನಂಗೆ ಸ್ನೋನ?"

"ನಿಮ್ಗೆ ಕೊಡ್ಲಿಲ್ಲ ಅಂತ ಅವಳಿಗೂ ಬೇಡ್ವಾ?"

ಮುದುಕಿಯ ಕೈಯ ಕಲ್ಲು ನಿಂತಿತು. "ಬಾಯಿ ಜಾಸ್ತಿಯಾಯ್ತು ನಿಂಗೆ. ಗಂಡ ಸತ್ತು ವರ್ಷ ತುಂಬಿಲ್ಲ, ಮುಖ ಬೆಳ್ಳಗೆ ಮಾಡ್ಕೊಂಡು ನೀರಿಗೋದ್ರೆ ಬಾವಿಕಟ್ಟೇಲಿ ಸುಮ್ನಿರ್ತಾರಾ? ಅವರ ಬಾಯಿಗೆ ನೀನು ಅಡ್ಡ ನಿಂತ್ಕೋತೀಯಾ?"

ಕೃಷ್ಣಮ್ಮನ ಯೋಚನೆ ಬೇರೆಯೇ ಇತ್ತು. ಸ್ನೋ ಇರಲಿ, ಹಾಳಾಗಿ ಹೋಗಲಿ. ಆ ಗೋಣಿತಾಟಿನ ಮುಂದೆ ಯಾರನ್ನು ಕರೆದು 'ನಿಂಗೇನು ಬೇಕು' ಎಂದು ಕೇಳುತ್ತಾರೋ ಅವರು ಈ ಮನೆಯವರು. ಇವತ್ತು ಅಲ್ಲಿ ಹೆಸರು ಬಿಟ್ಟುಹೋದರೆ ನಾಳೆ ಸೀರೆ ತರುವಾಗ ಬಿಟ್ಟುಹೋಗುತ್ತದೆ, ನಾಡಿದ್ದು ತಂಗಿಯ ಗಂಟನ್ನು ಬಾಗಿಲಾಚೆ ಇಡುತ್ತಾರೆ. ಮತ್ತೆ ಮಲತಾಯಿಯ ಮನೆಯೇ ಗತಿ.

"ನಿಯಮ ಮಾಡಿದ್ದು ನೀವೇ ಅಲ್ವಾ ಅತ್ತೆ? ಖಾಲಿ ತೋರ್ಸಿದೋರಿಗೆ ತರಬೇಕು ಅಂತ."

"ತೋರ್ಸು ಮತ್ತೆ! ಅವಳ ಬಾಟ್ಲೀಲಿ ಇನ್ನೂ ಅರ್ಧ ಅಂಗೇ ಐತೆ. ಖಾಲಿಯಾಗಿದ್ರೆ ತತ್ತಿದ್ದೆ. ನನ್ ಮಾತು ಅಂದ್ರೆ ಮಾತೇ."

ಅತ್ತೆ ಅದನ್ನು ವಾದ ಮುಗಿಸಲು ಅಂದದ್ದು. ಕೃಷ್ಣಮ್ಮ ಸೆರಗಿನಲ್ಲಿ ಗಂಟು ಹಾಕಿಕೊಂಡಳು.

ಆ ಸಂಜೆ ಸೊಪ್ಪು ಕಡಿದು ತಂದ ತಂಗಿಯನ್ನು ಕೊಟ್ಟಿಗೆಯ ಹತ್ತಿರ ಹಿಡಿದಳು. "ಸುಬ್ಬಿ, ಆ ಸ್ನೋ ಐತಲ್ಲ, ದಿನಾ ಮಲಗೋವಾಗ ಒಸಿ ಬಳ್ಕೊ. ಯುಗಾದಿ ಒಳಗೆ ಖಾಲಿ ಮಾಡು. ಯಾರಿಗೂ ಗೊತ್ತಾಗಲ್ಲ."

"ಬೇಡ ಅಕ್ಕ."

"ಅತ್ತೇಗೆ ನಾನು ಯೋಳ್ಕೋತೀನಿ ಕಣೆ."

"ಬೇಡ ಅಂದ್ನಲ್ಲ! ಅದು ಅಂಗೇ ಇರ್ಲಿ. ಅದರ ತಂಟೆಗೆ ಓಗ್ಬೇಡ ನೀನು."

ಎಂದೂ ದನಿ ಏರಿಸದ ಹುಡುಗಿ ಅಷ್ಟು ಗಡುಸಾಗಿ ಆಡಿದ್ದನ್ನು ಕೇಳಿ ಕೃಷ್ಣಮ್ಮ ಅವಳ ತಲೆ ನೇವರಿಸಿದಳು. ಅಯ್ಯೋ, ಅತ್ತೆಯ ಭಯ ಎಷ್ಟು ಹೊಕ್ಕಿದೆ ಇವಳಿಗೆ ಎಂದುಕೊಂಡಳು.

ವಾರ ಕಳೆಯುವುದರೊಳಗೆ ಸಿಂಗಾಪುರದಿಂದ ಸುದ್ದಿ ಬಂತು. ಚಿಕ್ಕಹನುಮಯ್ಯ ಜ್ವರ ಬಂದು ಮಲಗಿದ್ದಾನೆ. ರಾತ್ರಿ ಊಟಕ್ಕೆ ಕೂತಾಗ ಕೃಷ್ಣಮ್ಮನ ಗಂಡ ಚಿಕ್ಕಬೈರಪ್ಪ ಮುದ್ದೆ ಮುರಿಯುತ್ತಾ ಹೇಳಿದ, "ಸುಬ್ಬಮ್ಮ ಓಗಿ ನೋಡ್ಕೊಳ್ಳಲಿ. ಅಲ್ಲೇ ನಾಕ್ ದಿನ ಇದ್ರೆ ತಪ್ಪೇನು?"

"ನಾಕ್ ದಿನಾನಾ, ಇಲ್ಲ ಅಲ್ಲೇ ಬಿಟ್ಬಿಡೋದಾ?" ಎಂದಳು ಕೃಷ್ಣಮ್ಮ ಸಾರು ಬಡಿಸುತ್ತಾ.

"ಚಿಕ್ಕಮ್ಮನ್ನ ಕಳಿಸ್ಬಿಡ್ತೀರಾ ಅಪ್ಪ?" ಎಂದಳು ದ್ರೌಪದಿ. ಹದಿನಾಲ್ಕರ ಹುಡುಗಿ, ಚಿಕ್ಕಮ್ಮನ ಬಾಲ.

"ನೀನು ಉಣ್ಣು." ಚಿಕ್ಕಬೈರಪ್ಪ ತಟ್ಟೆ ನೋಡುತ್ತಲೇ ಇದ್ದ. "ಕಳಿಸ್ತೀನಿ ಅಂದ್ನಾ ನಾನು? ಸುಬ್ಬಮ್ಮನ ಮುಖ ನೋಡಿದ್ರೆ ನನ್ ತಮ್ಮ ಎದುರಿಗೆ ಬಂದು ಕೂತಂಗಾಯ್ತದೆ. ನಂಗೆ ತುತ್ತು ಇಳಿಯಲ್ಲ ಕಣೆ. ಅಷ್ಟೇ."

ಮುನಿಗಂಗಮ್ಮ ಎದ್ದು ಕೈ ತೊಳೆದಳು. ಸುಬ್ಬಮ್ಮ ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಬೆಳಿಗ್ಗೆ ಒಂದೇ ಸೀರೆ ಗಂಟು ಕಟ್ಟಿಕೊಂಡು ಹೊರಟಳು.

"ಡಬ್ಬಿ ತೋರ್ಸೋ ದಿನಕ್ಕೆ ಬಂದ್ಬಿಡೆ, ಸುಬ್ಬಿ," ಎಂದಳು ಅಕ್ಕ.

"ಬತ್ತೀನಿ. ನನ್ ಟ್ರಂಕು ಇಲ್ಲೇ ಐತಲ್ಲ, ಬರದೆ ಎಲ್ಲೋಗ್ಲಿ," ಎಂದಳು ಸುಬ್ಬಮ್ಮ.

ಅವಳು ಹೋದ ಮರುದಿನ ಕೃಷ್ಣಮ್ಮ ಆ ಟ್ರಂಕು ತೆಗೆದಳು. ಮಡಿಸಿದ ಗಂಡನ ಅಂಗಿಯ ಕೆಳಗೆ, ಬಿಳಿ ಗಾಜಿನ ಗಿಡ್ಡ ಬಾಟಲಿ. ಮುಚ್ಚಳ ಬಿಗಿಯಾಗಿತ್ತು. ತಿರುಗಿಸಿದರೆ ಸ್ನೋ ಅಂಚಿಗೆಲ್ಲ ಒಣಗಿ ಗಟ್ಟಿಯಾಗಿ, ನಡುವೆ ಗುಳಿ ಬಿದ್ದಿತ್ತು. ಮನೆಯ ಹೆಂಗಸರಿಗೆಲ್ಲ ಗೊತ್ತಿದ್ದ ಉಪಾಯವನ್ನೇ ಅವಳೂ ಮಾಡಿದಳು. ನಾಲ್ಕು ಹನಿ ನೀರು ಬಿಟ್ಟು, ಪೊರಕೆಕಡ್ಡಿಯಲ್ಲಿ ಚೆನ್ನಾಗಿ ಕಲಸಿದಳು. ಮತ್ತೆ ಹೊಸದರಂತೆ ಮೆತ್ತಗಾಯಿತು.

ಚೆಲ್ಲಿದ್ದರೆ ಒಂದೇ ಗಳಿಗೆಯ ಕೆಲಸ. ಅಷ್ಟೊಂದು ಸ್ನೋ ಚೆಲ್ಲಲು ಅವಳಿಗೆ ಕೈ ಬರಲಿಲ್ಲ. ಮುನಿಗಂಗಮ್ಮನ ಕೈಕೆಳಗೆ ಹದಿನಾರು ವರ್ಷ ಬಾಳಿದವಳು ಚೆಲ್ಲುವುದು ಹೇಗೆ? ದಿನಾ ಒಂದಿಷ್ಟು ತೆಗೆದು ತಾನೇ ಬಳಸಿದಳು. ಕೊನೆಗೆ ಬಟ್ಟೆ ಸುತ್ತಿದ ಬೆರಳಿನಿಂದ ಮೂಲೆಮೂಲೆ ಒರೆಸಿ, ಬಿಸಿಲಿಗೆ ಹಿಡಿದು ನೋಡಿದಳು. ಗಾಜು ತಳತಳ ಹೊಳೆಯಿತು. ಇನ್ನು ಅತ್ತೆ ಏನು ಹೇಳುತ್ತಾಳೋ ನೋಡೇಬಿಡೋಣ ಎಂದು, ಎಷ್ಟೋ ತಿಂಗಳ ಮೇಲೆ ಅವಳಿಗೆ ಖುಷಿಯಾಯಿತು.

ಡಬ್ಬಿ ತೋರಿಸುವ ದಿನ ನಾರಾಯಣಮ್ಮ ಕೆಂಪಾಪುರದಿಂದ ಬೆಳಿಗ್ಗೆಯೇ ಬಂದಳು. ಸತ್ತವನ ವರ್ಷ ತುಂಬುವವರೆಗೆ ಹಬ್ಬವಿಲ್ಲ, ಹೋಳಿಗೆಯಿಲ್ಲ. ಆದರೆ ವರ್ಷದ ಸಾಮಾನು ತರದೆ ಆಗುತ್ತದೆಯೇ? ಮುನಿಗಂಗಮ್ಮ ಗೋಣಿತಾಟು ಹಾಸಿಸಿ, ಕಂಬಕ್ಕೆ ಒರಗಿದಳು.

"ಈ ಪೌಡರ್ ಈ ಜನ್ಮಕ್ಕೆ ಬೇಡಮ್ಮ," ಎಂದು ನಾರಾಯಣಮ್ಮ ತನ್ನ ಡಬ್ಬ ಕುಕ್ಕಿದಳು. "ಒಸಿ ಬೆವರಿದ್ರೆ ಸಾಕು, ಕಲಸಿದ ಇಟ್ಟು. ಮದ್ವೆಮನೇಲಿ ನಮ್ಮತ್ತೆ ಎಲ್ರ ಮುಂದೆ, 'ಏನಮ್ಮಿ, ಅಕ್ಕಿಇಟ್ಟು ಜರಡಿ ಇಡಿದು ಅಂಗೇ ಬಂದ್ಯಾ' ಅಂದ್ರು."

"ಮುಖ ತೊಳ್ಕೊಂಡು ಒರೆಸ್ಕೊಂಡು ಹಾಕ್ಕೋಬೇಕು ಅತ್ತೆ, ನೀವು ಒದ್ದೆ ಮುಖಕ್ಕೇ ಬಡ್ಕೋತೀರ," ಎಂದಳು ದ್ರೌಪದಿ.

"ನೋಡಮ್ಮ, ಮೊಟ್ಟೆ ಒಡೆದು ಈಗ ಬಂದೈತೆ, ನಂಗೆ ಪೌಡರ್ ಹಾಕ್ಕೊಳೋದು ಕಲಿಸ್ತೈತೆ!"

"ನಿಂದು ಯೋಳು ದ್ರೌಪದಿ," ಎಂದಳು ಅಜ್ಜಿ.

"ಗುಲಾಬಿ ಸೋಪು ಬೇಡ ಅಜ್ಜಿ. ನೀರು ಕಂಡ್ರೆ ಕರಗೋಯ್ತದೆ. ಚಿಕ್ಕಪ್ಪ ತರ್ತಿದ್ದ ಗಂಧದ ಸೋಪೇ ವಾಸಿ."

ಹುಡುಗಿ ನಾಲಿಗೆ ಕಚ್ಚಿಕೊಂಡಳು. ಮುದುಕಿ ಸೋಪಿನ ಕಾಗದವನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

ಕೃಷ್ಣಮ್ಮ ತನ್ನದನ್ನೆಲ್ಲ ಎರಡು ಮಾತಿನಲ್ಲಿ ಮುಗಿಸಿದಳು. ಆಮೇಲೆ ಸೆರಗಿನೊಳಗಿಂದ ಬಿಳಿ ಬಾಟಲಿ ತೆಗೆದು ಅತ್ತೆಯ ಮುಂದಿಟ್ಟಳು. "ಇದು ಸುಬ್ಬಿದು ಅತ್ತೆ. ಖಾಲಿಯಾಗೈತೆ, ನೋಡಿ. ನೀವಾಡಿದ ಮಾತು ನೀವು ನಡೆಸಿ."

ಮುನಿಗಂಗಮ್ಮ ಮುಚ್ಚಳ ತೆಗೆದು ಬಿಸಿಲಿಗೆ ಹಿಡಿದಳು. ಅವಳಿಗೆ ಮಾತು ಹೊರಡುವ ಮೊದಲೇ ನಾರಾಯಣಮ್ಮ ಎದೆ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯಯ್ಯೋ! ನಾನು ಮೊನ್ನೆ ಬಂದಾಗ ಅರ್ಧ ಇತ್ತಲ್ಲಮ್ಮ! ಇಷ್ಟರಲ್ಲಿ ಅಷ್ಟನ್ನೂ ಬಳ್ಕೊಂಡ್ಲಾ? ಯಾರಿಗೆ ತೋರ್ಸಕ್ಕೆ? ನನ್ ತಮ್ಮನ ಗುಡ್ಡೆ ಮೇಲೆ ಇನ್ನೂ ಉಲ್ಲು ಚಿಗುರಿಲ್ಲ, ಇವಳಿಗೆ ಸಿಂಗಾರ ಬೇಕಾಯ್ತಾ? ಸಿಂಗಾಪುರಕ್ಕೆ ಓಗಿರೋದು ಅಪ್ಪನ ಜ್ವರ ನೋಡಕ್ಕೋ, ಇನ್ನೇನಕ್ಕೋ?"

ಅತ್ತೆಯ ನಿಯಮವೊಂದೇ ಕೃಷ್ಣಮ್ಮನ ತಲೆ ತುಂಬ ಕೂತಿತ್ತು. ಖಾಲಿ ಬಾಟಲಿ ಕಂಡವರು ಅದನ್ನು ಖಾಲಿ ಮಾಡಿದ್ದು ಯಾರೆಂದು ಕೇಳುತ್ತಾರೆ ಎಂಬುದೇ ಹೊಳೆದಿರಲಿಲ್ಲ.

ಅದೇ ಹೊತ್ತಿಗೆ ಸುಬ್ಬಮ್ಮ ಗಂಟು ಹಿಡಿದು ಅಂಗಳಕ್ಕೆ ಬಂದಳು. ಬಿಸಿಲಲ್ಲಿ ನಡೆದು ಬಂದ ಮುಖ ಕರಕಲಾಗಿತ್ತು, ಕೆನ್ನೆ ಬಿರುಕು ಬಿಟ್ಟಿತ್ತು, ತುಟಿಯಲ್ಲಿ ಒಣಗಿದ ರಕ್ತ. ಆ ಮುಖ ಸ್ನೋ ಕಂಡು ಎಷ್ಟು ಕಾಲವಾಯಿತೆಂದು ಕುರುಡರೂ ಹೇಳಬಹುದಿತ್ತು. ನಾರಾಯಣಮ್ಮ ಅದನ್ನು ನೋಡಲಿಲ್ಲ.

"ಬಾಮ್ಮ ಬಾ! ನನ್ ತಮ್ಮ ಸತ್ತಿದ್ದೇ ನಿಂಗೆ ಅಬ್ಬ ಆಯ್ತು!"

"ಅವಳಲ್ಲ!" ಕೃಷ್ಣಮ್ಮ ಕಿರುಚಿದಳು. "ನಾನು ನಾರಾಯಣಮ್ಮ, ನಾನೇ ಖಾಲಿ ಮಾಡಿದ್ದು. ಅವಳು ಮುಟ್ಟೇ ಇಲ್ಲ. ಖಾಲಿ ತೋರ್ಸಿದ್ರೆ ಅವಳಿಗೂ ಒಂದ್ ಪಾಲು ಸಿಕ್ತದೆ ಅಂತ ಮಾಡ್ದೆ. ಅತ್ತೆ, ನನ್ ಮಗಳಾಣೆ, ಅವಳದೇನೂ ತಪ್ಪಿಲ್ಲ."

ಸುಬ್ಬಮ್ಮ ಈ ಯಾವ ಮಾತಿಗೂ ಕಿವಿಗೊಟ್ಟಂತೆ ಕಾಣಲಿಲ್ಲ. ಗಂಟು ಕೆಳಗಿಟ್ಟು, ಗೋಣಿತಾಟಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಅತ್ತೆಯ ಕೈಯಿಂದ ಬಾಟಲಿ ತೆಗೆದುಕೊಂಡಳು. ಒಳಗೆ ನೋಡಿದಳು. ಬೆರಳು ಹಾಕಿ ತಳ ಮುಟ್ಟಿದಳು.

"ಎಲ್ಲಿಗೆ ಬಳ್ಕೊಂಡೆ ಅಕ್ಕ?"

"ಏನೇ?"

"ಎಲ್ಲಿಗೆ ಬಳ್ಕೊಂಡೆ ಇದನ್ನ?"

"ಕಾಲಿನ ಇಮ್ಮಡಿಗೆ ಕಣೆ. ಇಮ್ಮಡಿ ಒಡೆದಿತ್ತು. ಚೆಲ್ಲಕ್ಕೆ ಮನಸ್ಸು ಬರ್ಲಿಲ್ಲ, ಅದಕ್ಕೆ..."

ಸುಬ್ಬಮ್ಮ ತಲೆಯಾಡಿಸಿದಳು. ಮಗುವಿಗೆ ಹೇಳುವಂತೆ ಮೆಲ್ಲಗೆ ಹೇಳಿದಳು. "ಇದ್ರಲ್ಲಿ ಅವರ ಎಬ್ಬೆಟ್ಟಿತ್ತು ಅಕ್ಕ. ಆಸ್ಪತ್ರೆಗೆ ಓಗೋ ದಿನ ಗಾಡಿ ಕಟ್ತಿದ್ರಲ್ಲ, ಆಗ, 'ನಿನ್ ಸ್ನೋ ಕೊಡೆ, ನರ್ಸಮ್ಮಗಳು ನೋಡ್ತಾರೆ, ಚೆಂದಾಗಿ ಓಗ್ತೀನಿ' ಅಂದ್ರು. ಮುಖವೆಲ್ಲ ಅರಿಶಿನ ಬಳಿದಂಗಾಗಿತ್ತು, ಆಗ್ಲೂ ತಮಾಷೆ. ಎಬ್ಬೆಟ್ಟು ಅದ್ದಿ ಕೆನ್ನೆಗೆ ಬಳ್ಕೊಂಡ್ರು. ಅದರ ಗುರುತು ಅಂಗೇ ಗಟ್ಟಿಯಾಗಿತ್ತು. ಬೆಟ್ಟಿನ ಗೆರೆ ಸಮೇತ ಕಾಣ್ತಿತ್ತು. ದಿನಾ ತೆಗೆದು ನೋಡ್ತಿದ್ದೆ."

ಅಷ್ಟು ಹೇಳಿ, ಬಾಟಲಿಯನ್ನು ಎದೆಗೆ ಒತ್ತಿಕೊಂಡು, ಗೋಣಿತಾಟಿನ ಮೇಲೆ ಮುಖವಿಟ್ಟು ಅತ್ತಳು. ಗಂಡನ ಹೆಣ ಎತ್ತಿದ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಕೃಷ್ಣಮ್ಮ ತನ್ನ ಕಾಲುಗಳನ್ನು ಸೀರೆಯೊಳಗೆ ಎಳೆದುಕೊಂಡಳು. ಮಗನಂತೆ ಬೆಳೆಸಿದ ಮೈದುನ. ಅವನು ಬಿಟ್ಟುಹೋದ ಗುರುತನ್ನು ತಾನು ಕಾಲಿಗೆ ಸವರಿಕೊಂಡಿದ್ದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾರಾಯಣಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದ್ದಳು.

ಮುನಿಗಂಗಮ್ಮ ಗೋಣಿತಾಟಿನ ಮೇಲಿದ್ದ ಡಬ್ಬಿಗಳನ್ನು ಪಕ್ಕಕ್ಕೆ ಸರಿಸಿ, "ಕೃಷ್ಣಿ, ನಾಕು ಪಾಲು ತಗೊಂಡ್ ಬಾ," ಎಂದಳು.

"ಅಮ್ಮ, ಊರೋರು..." ಎಂದು ನಾರಾಯಣಮ್ಮ ಬಾಯಿ ತೆಗೆದಳು.

"ಊರಿಗೆ ನಾನು ಉತ್ತರ ಯೋಳ್ತೀನಿ. ನಿಂದು ಇವತ್ತಿಗೆ ಸಾಕು."

ಸರ್ದಾರ್ ಸಾಬರ ಅಂಗಡಿಯಲ್ಲಿ ಅವರು ವರ್ಷವೂ ಕೇಳುವಂತೆ, "ಎಷ್ಟು ಜನಕ್ಕೆ ಕಟ್ಲಿ ಕೃಷ್ಣಮ್ಮೋರೆ?" ಎಂದರು. "ನಾಲ್ಕು" ಎನ್ನುವಷ್ಟರಲ್ಲಿ ಕೃಷ್ಣಮ್ಮನಿಗೆ ಅಳು ಒತ್ತಿಕೊಂಡು ಬಂತು. ಪಾಲು ಗೆದ್ದಾಗಿತ್ತು. ಈ ನಾಲ್ಕು ಎಂಬ ಮಾತಿಗಾಗಿ ಅಷ್ಟು ದಿನ ಒದ್ದಾಡಿದ್ದಳು.

ಮುನಿಗಂಗಮ್ಮ ಸುಬ್ಬಮ್ಮನ ಪಾಲನ್ನು ತನ್ನ ಕೈಯಾರೆ ಕೊಟ್ಟಳು. ಸ್ನೋ, ವ್ಯಾಸಲೀನು, ಸೋಪು. ಸುಬ್ಬಮ್ಮ ಎರಡು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ವ್ಯಾಸಲೀನನ್ನು ಅಲ್ಲಿಯೇ ತುಟಿಗೆ ಹಚ್ಚಿಕೊಂಡಳು, ಅತ್ತೆಗೆ ಬೇಸರವಾಗದಿರಲೆಂದು. ಅಕ್ಕನೊಡನೆ ಎಂದಿನಂತೆ ಹುಣಸೆಬೀಜ ಬಾಚಿದಳು, ಸಗಣಿ ತಟ್ಟಿದಳು, ನೀರು ಹೊತ್ತಳು. ಕೃಷ್ಣಮ್ಮನಿಗೆ ಅವಳು ಒಂದು ಸಲ ಬೈದುಬಿಟ್ಟರೆ ಸಾಕಾಗಿತ್ತು. ಬೈಯಲಿಲ್ಲ.

ಯುಗಾದಿ ಕಳೆದ ಮೇಲೆ, ಒಂದು ಬೆಳಿಗ್ಗೆ ಸುಬ್ಬಮ್ಮ ಟ್ರಂಕನ್ನು ನಡುಮನೆಗೆ ತಂದಿಟ್ಟಳು. "ಅತ್ತೆ, ಭಾವ, ನಾನು ಅಪ್ಪನ ಮನೆಗೆ ಓಗ್ತೀನಿ," ಎಂದಳು.

ಚಿಕ್ಕಬೈರಪ್ಪ ದಡಬಡಿಸಿ ಎದ್ದ. "ನಾನೇನೋ ಅವತ್ತು ಬಾಯಿಗೆ ಬಂದಿದ್ದು ಆಡ್ದೆ ಕಣಮ್ಮ. ಮನಸಲ್ಲಿ ಇಟ್ಕೋಬೇಡ."

"ನಿಮ್ಮ ಮಾತಿಗಲ್ಲ ಭಾವ."

ಟ್ರಂಕು ಹೊತ್ತ ಗಾಡಿಯ ಹಿಂದೆ ಅಕ್ಕತಂಗಿ ಊರಾಚೆಯವರೆಗೆ ನಡೆದರು. ಕೃಷ್ಣಮ್ಮ ದಾರಿಯುದ್ದಕ್ಕೂ ಕಾಡಿದಳು. "ಕೋಪ ಇದ್ರೆ ಒಡೆದುಬಿಡೆ ನಂಗೆ. ಎರಡು ಬಾರ್ಸು. ಓಗ್ಬೇಡ ಮಾತ್ರ. ಆ ಹೆಂಗಸು ನಿಂಗೆ ಒಂದ್ ತುತ್ತು ನೆಮ್ಮದಿಯಾಗಿ ಆಕಲ್ಲ. ಇಲ್ಲಿ ಅತ್ತೇನೇ ಕರೆದು ಪಾಲು ಕೊಟ್ರಲ್ಲ."

"ಕೋಪ ಇಲ್ಲ ಅಕ್ಕ. ನಿನ್ನಾಣೆ ಇಲ್ಲ."

"ಮತ್ಯಾಕೆ ಓಗ್ತೀಯ?"

ಸುಬ್ಬಮ್ಮ ನಿಂತಳು. "ಆ ಬಾಟ್ಲಿ ಇದ್ದಾಗ, ಬೇಕು ಅಂದಾಗ ತೆಗೆದು ನೋಡಿ ಸುಮ್ನಾಗ್ತಿದ್ದೆ. ಈಗ ಮನೆಯೆಲ್ಲ ಉಡುಕ್ತೀನಿ. ಬಾಗಿಲು ಮುಟ್ತೀನಿ, ನೊಗ ಮುಟ್ತೀನಿ, ಎಲ್ಲಾದ್ರೂ ಅವರ ಬೆಟ್ಟು ಉಳಿದೈತಾ ಅಂತ. ಅಪ್ಪನ ಮನೇಲಿ ಅವರು ಒಂದ್ ರಾತ್ರೀನೂ ಇರ್ಲಿಲ್ಲ. ಅಲ್ಲಿ ಉಡುಕೋ ಅಂಗಿಲ್ಲ."

ಕೃಷ್ಣಮ್ಮ ಗಾಡಿ ತಿರುವು ದಾಟುವವರೆಗೂ ನಿಂತಿದ್ದು, ಮನೆಗೆ ಬಂದಳು. ಮುನಿಗಂಗಮ್ಮ ಒಲೆಯ ಮುಂದೆ ಕೂತಿದ್ದಳು. ಬೆಂಕಿ ಹಚ್ಚಿರಲಿಲ್ಲ.

"ಓದ್ಲಾ?"

"ಓದ್ಲು ಅತ್ತೆ."

"ಅವತ್ತು ಹಣ್ಣು ಬಡಿಯೋವಾಗಲೇ ನಾನು ನಾಕು ಪಾಲು ಅಂದಿದ್ರೆ ಆಗೋಗ್ತಿತ್ತು." ಮುದುಕಿ ಮೂಗು ಒರೆಸಿಕೊಂಡಳು. "ಪಾಪಿ ನಾನು."

ಕೃಷ್ಣಮ್ಮ ಅತ್ತೆಯ ಪಕ್ಕದಲ್ಲಿ ಕುಸಿದು ಕೂತಳು. "ನಾನು ಒಂದ್ ಮಾತು ಕೇಳಿದ್ರೂ ಆಗ್ತಿತ್ತು ಅತ್ತೆ. ಯಾಕೆ ಇಟ್ಕೊಂಡಿದ್ದೀಯ ಸುಬ್ಬಿ ಅಂತ. ಕೇಳ್ಲೇ ಇಲ್ಲ ನಾನು," ಎಂದು ಅತ್ತೆಯ ಮಡಿಲಿಗೆ ಬಿದ್ದು, ಮನೆಯಲ್ಲಿ ಗಂಡ ಇದ್ದಾನೆ, ಮಗಳು ಇದ್ದಾಳೆ ಎಂಬುದನ್ನೂ ನೋಡದೆ ಗಟ್ಟಿಯಾಗಿ ಅತ್ತಳು.